ಒಂದು ಬೆರಳು ಕಡಿಮೆಯ ಮೊಳ

ನಮ್ಮೂರಿನಲ್ಲಿ ಅಂಗಡಿಯ ಪಾಲಿನ, ಅಂದರೆ ಷೇರಿನ, ಬೆಲೆ ಏರಿದರೆ ಅಂಗಡಿಯೂ ನೆಲ ಬಿಟ್ಟು ಏರುತ್ತದೆ, ಇಳಿದರೆ ಇಳಿಯುತ್ತದೆ. ಪಾಲು ಮಾರಿಕೊಂಡ ಹನ್ನೊಂದು ಅಂಗಡಿಗಳು ಪೇಟೆ ಬೀದಿಯಲ್ಲಿವೆ. ಯಾವುದು ನೆಲದಿಂದ ಎಷ್ಟು ಮೊಳ ಮೇಲೆ ನಿಂತಿದೆ ಎಂದು ದಿನವೂ ಬೆಳಿಗ್ಗೆ ಅಳೆದು, ಹತ್ತು ಗಂಟೆಗೆ ಅಳತೆಕಟ್ಟೆ ಹತ್ತಿ ಕೂಗಿ ಹೇಳುವುದು ನನ್ನ ಕೆಲಸ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು ಇದಕ್ಕೇಕೆ ಬಂದೆ ಎಂದು ಹೊರಗಿನವರು ಕೇಳುವುದುಂಟು. ಭೌತಶಾಸ್ತ್ರ ಓದಿದವರಿಗೆ ಇದಕ್ಕಿಂತ ಹತ್ತಿರದ ಕೆಲಸ ಇನ್ಯಾವುದಿದೆಯೋ ನನಗೆ ತಿಳಿಯದು.

ಅಂಗಡಿ ಏರುವುದರಿಂದ ತೊಂದರೆಗಿಂತ ಅನುಕೂಲವೇ ಹೆಚ್ಚು. ಏರಿದ ಅಂಗಡಿಯ ಕೆಳಗೆ ನೆರಳು ಬೀಳುತ್ತದೆ. ಸೊಪ್ಪಿನವರು, ಚಪ್ಪಲಿ ಹೊಲಿಯುವವರು ಅಲ್ಲಿ ಕೂರುತ್ತಾರೆ. ಬೆಲೆ ಇಳಿಯತೊಡಗಿದರೆ ತಲೆಗೆ ತಾಗುವ ಮೊದಲೇ ಗೊಣಗದೆ ಬುಟ್ಟಿ ಎತ್ತಿಕೊಂಡು ಪಕ್ಕದ ನೆರಳಿಗೆ ಹೋಗುತ್ತಾರೆ. ಮಂಡಿನೋವಿನವರು ಬೆಲೆ ಕಡಿಮೆಯಿರುವ ಅಂಗಡಿಯಲ್ಲೇ ವ್ಯಾಪಾರ ಮಾಡುವುದರಿಂದ ಬಿದ್ದ ಅಂಗಡಿಯೂ ಪೂರ್ತಿ ಕಂಗಾಲಾಗುವುದಿಲ್ಲ. ಎತ್ತರದ ಅಂಗಡಿಗೆ ಏಣಿ. ಒಂದು ಮೆಟ್ಟಿಲು ಒಂದು ಪಾಲು. ಪಾಲು ಕೊಂಡವರ ಹೆಸರನ್ನು ಆ ಮೆಟ್ಟಿಲ ಮೇಲೆ ಕೆತ್ತುತ್ತಾರೆ. ಪಾಲು ಬಿಟ್ಟುಬಿಡಬೇಕೆಂದರೆ ಹೆಸರು ಹೆರೆಸಬೇಕು, ಮತ್ತು ಕೆತ್ತಿದವರೇ ಅದನ್ನು ಹೆರೆಯಬೇಕು. ಇದು ಹಳೆಯ ಕಟ್ಟುಪಾಡು.

ನಮ್ಮಜ್ಜಿಯ ಕಾಲದಲ್ಲಿ ಒಂದು ಊದುಬತ್ತಿ ಕಾರ್ಖಾನೆ ಮೂವತ್ತು ಮೊಳ ಏರಿತ್ತಂತೆ. ಒಂದು ಬೆಳಿಗ್ಗೆ ಜನ ಗುಂಪುಗೂಡಿ ಕೈಗೆ ಸಿಕ್ಕ ಚಾಕು ಚೂರಿಯಲ್ಲಿ ಹೆಸರು ಹೆರೆದುಕೊಂಡರು. ಮಧ್ಯಾಹ್ನದೊಳಗೆ ಕಾರ್ಖಾನೆ ಕಲ್ಲಿನ ಹಾಗೆ ಬಿತ್ತು. ಹಬ್ಬದ ರಜೆಯಾದ್ದರಿಂದ ಒಳಗಿದ್ದವರು ಇಬ್ಬರೇ. ಇಬ್ಬರಿಗೂ ಕಾಲು ಮುರಿಯಿತು. ಬಿದ್ದ ಜಾಗದಲ್ಲಿ ಆದ ಗುಂಡಿ ಈಗ ಹೊಂಡ. ಎಮ್ಮೆಗಳು ಅದರಲ್ಲಿ ಮೈ ತೊಳೆದುಕೊಂಡು ಗಂಧದ ಪರಿಮಳ ಹೊತ್ತು ಮನೆಗೆ ಬರುತ್ತವೆ. ಮಕ್ಕಳು ನಗುತ್ತಾರೆ. ಅಳತೆಯ ಕೆಲಸ ಹಿಡಿದವರು ಮಾತ್ರ ಆ ಹೊಂಡದ ಪಕ್ಕ ಹಾದುಹೋಗುವಾಗ ಸ್ವಲ್ಪ ನಿಧಾನ ಮಾಡುತ್ತೇವೆ.

ಈ ವರ್ಷ ಆಯುಧಪೂಜೆಗೆ ಮೊದಲು ಅಳತೆಯ ಹುರಿ ಬದಲಾಯಿಸಿದೆ. ಹಳೆಯದು ಸೆಣಬಿನದು, ನನಗಿಂತ ಹಿರಿಯದು, ಎಳೆ ಬಿಟ್ಟಿತ್ತು. ಹೊಸದು ಒಳ್ಳೆಯ ಹತ್ತಿಯದು, ಬೆಳ್ಳಗೆ, ಮೊಳಕ್ಕೊಂದು ಗಂಟು, ತುದಿಗೆ ಹಿತ್ತಾಳೆಯ ತೂಗುಗುಂಡು. ಕಟ್ಟೆಯ ಪುಸ್ತಕದಲ್ಲಿ ಹಬ್ಬದ ದಿನ ಮಾಡಬೇಕಾದದ್ದನ್ನು ಹಿಂದಿನವರು ಬರೆದಿಟ್ಟಿದ್ದಾರೆ: ಹುರಿಯನ್ನು ಅಳತೆಗಲ್ಲಿಗೆ ಹಿಡಿದು ಸರಿ ನೋಡುವುದು, ಆಮೇಲೆ ತೊಳೆಯುವುದು, ಆಮೇಲೆ ಅರಿಶಿನ ಕುಂಕುಮ ಹಚ್ಚಿ ಪೂಜೆ. ಅಳತೆಗಲ್ಲೆಂದರೆ ಕಟ್ಟೆಯ ಬದಿಯಲ್ಲಿ ಎರಡು ತಾಮ್ರದ ಮೊಳೆ ಹೊಡೆದಿರುವ ಕಲ್ಲು. ಮೊಳೆಯಿಂದ ಮೊಳೆಗೆ ಒಂದು ಮೊಳ, ಅಂದರೆ ಇಪ್ಪತ್ತನಾಲ್ಕು ಬೆರಳು, ಕೂದಲೆಳೆಯ ವ್ಯತ್ಯಾಸವಿಲ್ಲ. ನಾನು ಪ್ರತಿ ಗಂಟನ್ನೂ ಹಿಡಿದು ನೋಡಿದೆ, ಸರಿಯಿತ್ತು. ಆಮೇಲೆ ಬಿಸಿನೀರು, ಸೀಗೆಪುಡಿ ಹಾಕಿ ಚೆನ್ನಾಗಿ ತೊಳೆದು ಬಿಸಿಲಿಗೆ ಹರವಿದೆ. ಅರಿಶಿನ ಹಚ್ಚಿದಾಗ ಹುರಿ ನವವಧುವಿನ ಹಾಗೆ ಕಂಡಿತು.

ಮಾರನೆಯ ದಿನದಿಂದ ಪೇಟೆ ಬೀದಿ ಏರತೊಡಗಿತು.

ಮೊದಲ ದಿನ ಭಾಗೀರಥಮ್ಮನ ಹಪ್ಪಳದ ಮನೆ ನಾಲ್ಕು ಮೊಳ ನಾಲ್ಕು ಬೆರಳು. ಅಲ್ಲಿಯವರೆಗೆ ಎರಡು ವರ್ಷ ಅದು ನಾಲ್ಕರಲ್ಲೇ ನಿಂತಿತ್ತು. ನಾನು ಕೂಗಿ ಹೇಳಿದೆ, ಜನ ಖುಷಿಪಟ್ಟರು, ಮಾರನೆಯ ದಿನ ಇನ್ನೂ ನಾಲ್ಕು ಬೆರಳು. ಬಿಸ್ಕತ್ತಿನ ಅಂಗಡಿ, ಪಾತ್ರೆ ಅಂಗಡಿ, ಛತ್ರಿ ರಿಪೇರಿಯ ಅಂಗಡಿ ಕೂಡ ಹೀಗೆಯೇ ಏರಿದವು. ಹದಿನಾರು ದಿನಕ್ಕೆ ಎಲ್ಲವೂ ಇಮ್ಮಡಿ ಎತ್ತರಕ್ಕೆ ಹೋದವು. ಹತ್ತು ಗಂಟೆಗೆ ಕಟ್ಟೆಯ ಮುಂದೆ ಮೊದಲು ಐದಾರು ಜನ ಸೇರುತ್ತಿದ್ದರು, ಈಗ ಬೀದಿ ತುಂಬಿತು. ಮದುವೆಯ ಮಾತುಕತೆಗಳು ಕುದುರಿದವು. ನನ್ನನ್ನು ಕಂಡವರೆಲ್ಲ, ನಾನೇ ಎತ್ತಿ ನಿಲ್ಲಿಸಿದೆನೋ ಎಂಬಂತೆ, "ಕಾಫಿ ಕುಡಿದು ಹೋಗಮ್ಮ" ಎಂದು ಕರೆಯುತ್ತಿದ್ದರು. ಎಷ್ಟರಮಟ್ಟಿಗೆ ಅದು ನಿಜವೆಂದು ನನಗಾಗ ಗೊತ್ತಿರಲಿಲ್ಲ. ಕಾಫಿ ಕುಡಿಯುತ್ತಿದ್ದೆ.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನನ್ನ ಚಿಕ್ಕಪ್ಪ ಚಿದಂಬರಯ್ಯ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಪೇಟೆ ಬೀದಿಯ ಅಷ್ಟೂ ಏಣಿಗಳ ಮೇಲೆ ಹೆಸರು ಕೆತ್ತುವವರು ಅವರೇ. ಒಂದು ಹೆಸರಿಗೆ ಅರ್ಧ ದಿನ ತೆಗೆದುಕೊಳ್ಳುತ್ತಾರೆ. 'ಳ' ಅಕ್ಷರದ ಹೊಟ್ಟೆ ದುಂಡಗೆ ಬರದಿದ್ದರೆ ಊಟ ಸೇರದ ಮನುಷ್ಯ. ಹಪ್ಪಳದ ಮನೆಯ ಏಣಿಯಲ್ಲಿ ಮೂರನೆಯ ಮೆಟ್ಟಿಲು ಅವರದೇ, ನಾಲ್ಕು ಮೊಳವಿದ್ದಾಗ ಕೊಂಡದ್ದು.

"ಚಿಕ್ಕಪ್ಪ, ಇಷ್ಟು ಬೇಗ ಏರೋದು ನಿಲ್ಲುತ್ತಾ?" ಎಂದು ನಾನು ಒಮ್ಮೆ ಕೇಳಿದೆ.

"ಊದುಬತ್ತಿ ಕತೆ ಶುರು ಮಾಡಬೇಡ. ಅದು ಒಂದೇ ಅಂಗಡಿ ಏರಿದ್ದು. ಇಲ್ಲಿ ಬೀದಿಗೆ ಬೀದಿನೇ ಏರ್ತಿದೆ. ಎಲ್ಲರೂ ತಪ್ಪು ಮಾಡ್ತಾರಾ?"

"ಎಲ್ಲರೂ ಒಟ್ಟಿಗೆ ಸರಿ ಇರೋದೂ ಅಪರೂಪ ಅಲ್ವಾ?"

"ಕಾಲೇಜು ಓದಿದವರಿಗೆ ಖುಷಿಪಡೋಕೂ ಪುರಾವೆ ಬೇಕು," ಎಂದು ಚಿಕ್ಕಪ್ಪ ಚಿಕ್ಕಮ್ಮನ ಕಡೆ ತಿರುಗಿ ನಕ್ಕರು. ಪುರಾವೆ ಹುಡುಕಿದರೆ ಸಿಗುತ್ತಲೂ ಇತ್ತು. ಎತ್ತರ ಹೆಚ್ಚಿದಂತೆ ಭಾಗೀರಥಮ್ಮನ ಮಾಳಿಗೆಗೆ ಬಿಸಿಲು ಗಾಳಿ ಎರಡೂ ಚೆನ್ನಾಗಿ ಸಿಗುತ್ತಿದ್ದವು, ದಿನಕ್ಕೆ ಎರಡು ಸಲ ಹಪ್ಪಳ ಒಣಗುತ್ತಿತ್ತು. ಆ ರುಚಿ ನಾನೇ ತಿಂದು ನೋಡಿದ್ದೆ. ಆದರೆ ಹತ್ತು ಮೊಳ ದಾಟಿದ ಮೇಲೆ ಗಾಳಿ ಜೋರಾಗಿ, ಹಸಿ ಹಪ್ಪಳಗಳು ಮಾಳಿಗೆಯಿಂದ ಎದ್ದು ಊರ ಮೇಲೆ ಹಾರತೊಡಗಿದವು. ಹೆಂಗಸರು ಸೆರಗೊಡ್ಡಿ ಹಿಡಿಯುತ್ತಿದ್ದರು. ಅಂಚೆಯವನ ಟೋಪಿಯ ಮೇಲೆ ಒಂದು ಬಂದು ಕೂತದ್ದನ್ನು ಶುಭಶಕುನವೆಂದರು. ಆ ದಿನ ಹಪ್ಪಳದ ಮನೆಗೆ ಹೊಸದಾಗಿ ಐದು ಮೆಟ್ಟಿಲು ಸೇರಿದವು. ವ್ಯಾಪಾರವಾಗಬೇಕಾದ ಮಾಲು ಹಾರಿಹೋಗುತ್ತಿರುವುದನ್ನೇ ನೋಡಿ ಜನ ಪಾಲು ಕೊಂಡರು.

ಮೂವತ್ತೆಂಟನೆಯ ದಿನ ಹಪ್ಪಳದ ಮನೆ ಇಪ್ಪತ್ತು ಮೊಳ ಎಂದು ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದು, ಗುಟ್ಟಿನ ಮಾತು ಆಡುವಾಗ ಮಾಡುವಂತೆ ಕನ್ನಡಕ ತೆಗೆದರು.

"ವಿಶಾಲು, ನಾಳೆ ಮಧ್ಯಾಹ್ನ ಮನೆ ಬರೆದುಕೊಡ್ತಿದೀನಿ. ಪಾತ್ರೆ ಅಂಗಡಿಯವರು ತಗೊಳ್ತಾರೆ. ಬದಲಿಗೆ ಹಪ್ಪಳದ ಏಣೀಲಿ ಅವರ ಆರು ಮೆಟ್ಟಿಲು ನನ್ನ ಹೆಸರಿಗೆ. ನಿನ್ನ ಚಿಕ್ಕಮ್ಮನಿಗೆ ಆಮೇಲೆ ಹೇಳ್ತೀನಿ."

"ಮನೆ ಕೊಟ್ಟು ಎಲ್ಲಿರ್ತೀರಿ?"

"ಬಾಡಿಗೆಗೆ, ಎರಡು ತಿಂಗಳು. ಆಮೇಲೆ ಎರಡು ಮನೆ." ಕನ್ನಡಕ ಹಾಕಿಕೊಂಡು, "ಆರು ಸಲ ನನ್ನ ಹೆಸರು ಕೆತ್ತಬೇಕು ನೋಡು, ಉಳಿ ಸಾಣೆ ಹಿಡಿಸ್ಕೊಂಡು ಬರ್ತೀನಿ," ಎನ್ನುತ್ತ ಹೊರಟೇ ಹೋದರು.

ನಾನು ಕಟ್ಟೆಯಿಂದ ಇಳಿಯುವಾಗ ಏಣಿ ಮಾಡುವ ಮಸ್ತಾನ್ ಸಾಬರು ಕಾಯುತ್ತಿದ್ದರು. ಅವರ ಅಂಗಡಿಯೂ ಹನ್ನೊಂದರಲ್ಲಿ ಒಂದು. ಮೂವತ್ತು ವರ್ಷದಿಂದ ಅದು ನೆಲದ ಮೇಲೇ ಇದೆ. ಒಂದು ಬೆರಳು ಏರಿಲ್ಲ, ಇಳಿದಿಲ್ಲ. ನನ್ನ ಪಟ್ಟಿಯಲ್ಲಿ ದಿನವೂ ಅದರ ಮುಂದೆ ಸೊನ್ನೆ. ಏಣಿ ಅಂಗಡಿಗೆ ಏಣಿ ಬೇಕಿಲ್ಲ ಎಂದು ಊರಿಗೊಂದು ತಮಾಷೆ.

"ವಿಶಾಲಮ್ಮ, ನಿಮ್ಮ ಹತ್ರ ಒಂದು ಕಂಪ್ಲೇಂಟು," ಎಂದರು. "ನೀವು ಹತ್ತು ಗಂಟೆಗೆ ಇಷ್ಟು ಮೊಳ ಅಂತೀರಿ. ನಾನು ನನ್ನ ಕಬ್ಬಿಣದ ಗಜದಾಗೆ ಅಳೆದು ಅಷ್ಟೇ ಮೊಳದ ಏಣಿ ಹೊತ್ಕೊಂಡು ಹೋಗ್ತೀನಿ. ಹಾಕಿದ್ರೆ ಹೊಸ್ತಿಲಿಂದ ಮೇಲೆ ಮುಕ್ಕಾಲು ಮೊಳ ಚಾಚ್ಕೊಂಡಿರುತ್ತೆ. ಭಾಗೀರಥಮ್ಮ ಬೈತಾರೆ, ಸಾಬರೇ ಕಣ್ಣು ಹೋಯ್ತಾ ಅಂತ. ಸಾಯಂಕಾಲ ಹೋಗಿ ನೋಡಿದ್ರೆ ಸರಿಯಾಗಿ ಕೂತಿರುತ್ತೆ. ದಿನಾ ಇದೇ ಕತೆ. ಅಂಗಡಿ ನಿಮ್ಮ ಮಾತು ಕೇಳಿಸ್ಕೊಂಡು ಆಮೇಲೆ ಏರುತ್ತಾ ಹೆಂಗೆ?"

ಅವರು ನಗುತ್ತಿದ್ದರು. ನನಗೆ ಮಾತ್ರ ಬಳಪದ ಕಾರ್ಖಾನೆ ನೆನಪಾಯಿತು. ಬೆಲೆ ಬಿದ್ದು ಬೀದಿಯ ಮಟ್ಟಕ್ಕಿಂತ ಒಂದು ಮೊಳ ಕೆಳಗೆ ಕುಸಿದಿದ್ದ ಕಾರ್ಖಾನೆ ಅದು. ಊರೇ ಏರುತ್ತಿದ್ದ ಈ ಮೂವತ್ತೆಂಟು ದಿನದಲ್ಲಿ ಅದು ಐದು ಮೊಳದ ಆಳಕ್ಕೆ ಇಳಿದಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ. ಕೆಳಗಿರುವವರನ್ನು ಯಾರು ಕೇಳುತ್ತಾರೆ? ಏರಿದ್ದು ಐದು ಪಟ್ಟು ಏರಿದೆ. ಇಳಿದದ್ದು ಐದು ಪಟ್ಟು ಇಳಿದಿದೆ. ಸೊನ್ನೆಯಲ್ಲಿದ್ದದ್ದು ಸೊನ್ನೆಯಲ್ಲೇ ಇದೆ. ಜನರ ಮನಸ್ಸು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದಿಲ್ಲ. ಅಚ್ಚುಕಟ್ಟಾಗಿ ತಪ್ಪು ಮಾಡುವುದು ಅಳತೆಯ ಸಾಧನ ಮಾತ್ರ.

ಅಲ್ಲೇ ಕೂತು ಹುರಿಯ ಒಂದು ಗಂಟನ್ನು ಅಳತೆಗಲ್ಲಿನ ತಾಮ್ರದ ಮೊಳೆಗೆ ಹಿಡಿದೆ. ಎರಡನೆಯ ಗಂಟು ಎರಡನೆಯ ಮೊಳೆಯನ್ನು ಮುಟ್ಟಲಿಲ್ಲ. ನಡುವೆ ಒಂದು ಬೆರಳು ಜಾಗ. ಸಾಬರು ಬಗ್ಗಿ ತಮ್ಮ ಬೆರಳನ್ನೇ ಆ ಜಾಗದಲ್ಲಿಟ್ಟು ನೋಡಿದರು.

"ಹೊಸ ಹತ್ತಿ," ಎಂದರು. "ತೊಳೆದ್ರಾ?"

"ಬಿಸಿನೀರಲ್ಲಿ."

"ಅಯ್ಯೋ, ನನ್ನ ಮೊಮ್ಮಗನ ಜುಬ್ಬ ಹಿಂಗೇ ಆಗಿತ್ತಮ್ಮ."

ಸರಿ ನೋಡಿ ಆಮೇಲೆ ತೊಳೆದಿದ್ದೆ. ಪುಸ್ತಕದಲ್ಲಿದ್ದ ಕ್ರಮವೇ ಅದು. ಹಳೆಯ ಸೆಣಬಿನ ಹುರಿಗೆ ಯಾವ ಕ್ರಮವಾದರೂ ನಡೆಯುತ್ತಿತ್ತು. ನನ್ನ ಹುರಿಯ ಮೊಳ ಇಪ್ಪತ್ತಮೂರೇ ಬೆರಳು. ಆದ್ದರಿಂದ ನಾನು ಕೂಗುತ್ತಿದ್ದ ಎತ್ತರ ನಿಜಕ್ಕಿಂತ ದಿನವೂ ಒಂದಿಷ್ಟು ಹೆಚ್ಚು. ಅದನ್ನು ಕೇಳಿ ಜನ ಹಿಗ್ಗುತ್ತಿದ್ದರು, ಸಂಜೆಯೊಳಗೆ ಅಂಗಡಿ ಆ ಎತ್ತರಕ್ಕೆ ಏರುತ್ತಿತ್ತು. ಮಾರನೆಯ ಬೆಳಿಗ್ಗೆ ಏರಿದ ಅಂಗಡಿಯನ್ನು ಅದೇ ಮೋಟು ಹುರಿಯಲ್ಲಿ ಮತ್ತೆ ಅಳೆಯುತ್ತಿದ್ದೆ. ಒಂದು ಬೆರಳಿನ ತಪ್ಪಿನ ಮೇಲೆ ಇನ್ನೊಂದು ಬೆರಳು ಸೇರುತ್ತ ಮೂವತ್ತೆಂಟು ದಿನದಲ್ಲಿ ನಾಲ್ಕರ ಮೇಲೆ ಹದಿನಾರು ಮೊಳವಾಗಿತ್ತು. ಅಷ್ಟು ಎತ್ತರದಲ್ಲಿ ಈ ಹೊತ್ತು ಹದಿನಾಲ್ಕು ಹೆಂಗಸರು ಹಪ್ಪಳ ಲಟ್ಟಿಸುತ್ತಿದ್ದರು.

ಸಾಬರಿಗೆ ಒಂದು ದಿನ ಬಾಯಿ ಬಿಗಿಹಿಡಿದಿರಲು ಹೇಳಿ ನೇರ ಹಪ್ಪಳದ ಮನೆಯ ಏಣಿ ಹತ್ತಿದೆ. ಚಿಕ್ಕಪ್ಪನ ಕೈಬರಹದ ಮೇಲೆ ಒಂದೊಂದೇ ಹೆಜ್ಜೆ. ಮೇಲೆ ಉದ್ದಿನ ಹಿಟ್ಟಿನ, ಇಂಗಿನ ವಾಸನೆ. ಹೆಂಗಸರು ಯಾರದೋ ಮದುವೆಯ ಸೀರೆಯ ಬಗ್ಗೆ ಜೋರಾಗಿ ಜಗಳವಾಡುತ್ತಿದ್ದರು. ಭಾಗೀರಥಮ್ಮ ಮೂಲೆಯಲ್ಲಿ ಕೆಂಡದ ಮುಂದೆ ಕೂತು ಆ ದಿನದ ಹಪ್ಪಳ ಸುಟ್ಟು ನೋಡುತ್ತಿದ್ದರು. ಅರವತ್ತು ದಾಟಿದವರು, ಮಾತು ಮೆಣಸಿನ ಹಾಗೆ. ನಾನು ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಅವರು ಹಪ್ಪಳ ತಿರುವಿ ಹಾಕುವುದನ್ನು ನಿಲ್ಲಿಸಲಿಲ್ಲ.

"ನನಗೆ ಅನುಮಾನ ಇತ್ತು ಕಣೆ," ಎಂದರು. "ಏಳೆಂಟು ಮೊಳದ ತನಕ ಗಾಳಿ ನನ್ನ ಹಪ್ಪಳ ಒಣಗಿಸ್ತಿತ್ತು. ಆಮೇಲೆ ಕದಿಯೋಕೆ ಶುರು ಮಾಡ್ತು. ಕದಿಯೋ ಗಾಳಿಗೂ ಜನ ಬೆಲೆ ಕಟ್ತಾರಲ್ಲ, ಇದೇನು ಕಾಲ ಅಂದ್ಕೊಂಡೆ."

"ನನ್ನ ಹತ್ರ ಒಂದು ದಾರಿ ಇದೆ," ಎಂದೆ. ಏಣಿ ಹತ್ತುವಾಗಲೇ ಲೆಕ್ಕ ಹಾಕಿದ್ದೆ. "ಇಪ್ಪತ್ತೈದು ಬೆರಳಿನ ಮೊಳದ ಹುರಿ ಮಾಡ್ಕೊಳ್ತೀನಿ. ಅದರಲ್ಲಿ ಅಳೆದರೆ ದಿನಾ ಸ್ವಲ್ಪ ಕಡಿಮೆ ತೋರಿಸುತ್ತೆ. ಇಪ್ಪತ್ತಾರು ದಿನಕ್ಕೆ ಯಾರಿಗೂ ಗೊತ್ತಾಗದ ಹಾಗೆ ನೀವಂದ ಏಳು ಮೊಳಕ್ಕೆ ಇಳಿದಿರ್ತೀರಿ. ಬೀಳೋದಿಲ್ಲ."

ಅವರು ಮೊದಲ ಸಲ ತಲೆಯೆತ್ತಿ ನೋಡಿದರು. "ಆ ಇಪ್ಪತ್ತಾರು ದಿನದಲ್ಲಿ ನನ್ನ ಏಣೀಲಿ ಮೆಟ್ಟಿಲು ಕೊಳ್ಳೋರು ಯಾರ ಮನೆ ಮಕ್ಕಳು?"

ನಾಳೆ ಮಧ್ಯಾಹ್ನ ಮನೆ ಬರೆದುಕೊಡಲಿದ್ದ ಚಿಕ್ಕಪ್ಪನ ಮುಖ ಕಣ್ಣಿಗೆ ಕಟ್ಟಿತು. 

"ತಗೋ, ತಿನ್ನು," ಎಂದು ಸುಟ್ಟ ಹಪ್ಪಳ ಕೈಗಿಟ್ಟರು. "ನೋಡು, ಗುಳ್ಳೆ ಏಳದ ಹಪ್ಪಳ ಯಾರಿಗೂ ಬೇಡ. ಅದು ಹಸಿ ಚರ್ಮ ಕಡಿದ ಹಾಗಿರುತ್ತೆ. ಏಳಲೇಬೇಕು. ಆದ್ರೆ ಮೈಯೆಲ್ಲ ಸಣ್ಣಸಣ್ಣದಾಗಿ ಏಳಬೇಕು. ಒಂದೇ ಕಡೆ ದಪ್ಪಗೆ ಎದ್ರೆ ನೆತ್ತಿ ಸೀದುಹೋಗುತ್ತೆ, ಬುಡ ಹಸೀನೇ ಉಳಿಯುತ್ತೆ. ಆಗ ಏನು ಮಾಡ್ತೀವಿ? ಮುಚ್ಚಿಟ್ಟು ಬಡಿಸ್ತೀವಾ? ಕೆಂಡದಿಂದ ದೂರ ಹಿಡೀತೀವಿ. ನಾಳೆ ಹತ್ತು ಗಂಟೆಗೆ ನಿಜ ಹೇಳು. ಅಷ್ಟರಲ್ಲಿ ಎಲ್ಲ ಅಂಗಡಿಯವರನ್ನೂ ಕೆಳಗಿಳಿಸೋ ಕೆಲಸ ನಿಂದು. ನನ್ನ ಹುಡುಗೀರನ್ನ ನಾನು ಇಳಿಸ್ತೀನಿ."

ಅವರ ಹುಡುಗಿಯರಲ್ಲಿ ಕಿರಿಯವಳಿಗೆ ನಲವತ್ತಾರು.

ಮಾರನೆಯ ಬೆಳಿಗ್ಗೆ ಅಳೆಯಲು ಹೋದಲ್ಲೆಲ್ಲ, "ಹತ್ತು ಗಂಟೆಗೆ ಕೆಲಸದವರ ಸಮೇತ ಒಬ್ಬರೂ ಬಿಡದೆ ಕಟ್ಟೆಯ ಹತ್ತಿರ ಬನ್ನಿ, ಅಳತೆಯ ವಿಷಯ ಮುಖ್ಯವಾದದ್ದು ಹೇಳುವುದಿದೆ" ಎಂದೆ. ಏನೆಂದು ಹೇಳಲಿಲ್ಲ. ಸನ್ಮಾನವಿರಬೇಕೆಂದು ಅವರೇ ಊಹಿಸಿಕೊಂಡರು. ಪಾತ್ರೆ ಅಂಗಡಿಯವರು ಜರಿ ಶಲ್ಯ ಹೊದ್ದು ಬಂದರು. ಬಿಸ್ಕತ್ತಿನ ಅಂಗಡಿಯವರು ಒಂದು ಭಾಷಣ ಬರೆದು ತಂದಿದ್ದರು. ಅಂಗಡಿಗಳ ಕೆಳಗಿನ ನೆರಳಿನಲ್ಲಿದ್ದ ಸೊಪ್ಪಿನವರನ್ನು ಮಸ್ತಾನ್ ಸಾಬರು, "ನಡೀರಿ, ನಡೀರಿ, ಏಣಿ ಎಳೀಬೇಕು" ಎಂದು ಸುಳ್ಳೇ ಹೇಳಿ ಬಯಲಿಗೆ ಸಾಗಹಾಕಿದರು. ಭಾಗೀರಥಮ್ಮ ಹದಿನಾಲ್ಕೂ ಜನರೊಂದಿಗೆ ಇಳಿದು ಬಂದರು. ಒಲೆ, ಒಂದು ಮೂಟೆ ಇದ್ದಲು, ಎಂಟು ಡಬ್ಬ ಹಪ್ಪಳ ಕೂಡ ಇಳಿದವು. ಚಿಕ್ಕಪ್ಪ ಸಾಣೆ ಹಿಡಿಸಿದ ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಮುಂದಿನ ಸಾಲಿನಲ್ಲಿ ನಿಂತಿದ್ದರು.

ಕಟ್ಟೆ ಹತ್ತಿದೆ.  ಹುರಿಯನ್ನು ಎತ್ತಿ ಹಿಡಿದು, ಇದು ಕುಗ್ಗಿದೆ, ತಪ್ಪು ನನ್ನದು, ತೊಳೆದ ಮೇಲೆ ಸರಿ ನೋಡಲಿಲ್ಲ ಎಂದೆ. ಹಬ್ಬದ ಮಾರನೆಯ ದಿನದಿಂದ ನಾನು ಕೂಗಿದ ಒಂದೊಂದು ಅಂಕಿಯೂ ನಿಜಕ್ಕಿಂತ ಹೆಚ್ಚಿತ್ತು ಎಂದೆ. ನಂಬದಿದ್ದವರು ಬಂದು ಅಳತೆಗಲ್ಲಿಗೆ ಹಿಡಿದು ನೋಡಬಹುದು ಎಂದೆ. ಕೆಲವರು ಬಂದರು, ನೋಡಿದರು, ಹಿಂದಕ್ಕೆ ಹೋದರು. ಬಿಸ್ಕತ್ತಿನವರು ಭಾಷಣದ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

"ಅಂದ್ರೆ ನಮ್ಮ ಅಂಗಡಿ ಏರಿದ್ದು ಸುಳ್ಳಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಏರಿದ್ದು ನಿಜ. ಏರೋಕೆ ಕಾರಣ ಸುಳ್ಳು," ಎಂದೆ.

ಆಗ ಭಾಗೀರಥಮ್ಮ ಕೇಳದೆಯೇ ಕಟ್ಟೆ ಹತ್ತಿ ನನ್ನ ಪಕ್ಕ ನಿಂತರು. "ನನ್ನ ವಿಷಯ ನಾನು ಹೇಳ್ತೀನಿ. ಹಬ್ಬಕ್ಕೆ ಮುಂಚೆ ದಿನಕ್ಕೆ ಎಂಟುನೂರು ಹಪ್ಪಳ ಮಾರ್ತಿದ್ದೆ. ಎತ್ತರಕ್ಕೆ ಹೋದ ಮೇಲೆ ಬೇಗ ಒಣಗಿ ಸಾವಿರದ ನಾನೂರಾಯ್ತು. ಆಮೇಲೆ ಎಷ್ಟು ಏರಿದ್ರೂ ಅಷ್ಟೇ. ಬಾಕಿ ಗಾಳಿಪಾಲು, ಅರ್ಧ ನೀವೇ ಸೆರಗಲ್ಲಿ ಹಿಡ್ಕೊಂಡು ತಿಂದಿದೀರಿ. ನಾಲ್ಕು ಮೊಳ ಇದ್ದಿದ್ದು ಏಳು ಆಗಬಹುದು. ಆ ಏಳು ಮೊಳ ನನ್ನ ಕೆಲಸದ್ದು. ಅದರ ಮೇಲಿಂದು ವಿಶಾಲು ಹುರಿ ಒಗೆದದ್ದು."

ಒಂದಿಬ್ಬರು ನಕ್ಕರು. ಆದರೆ ಅಷ್ಟರಲ್ಲಿ ಇನ್ನಿಬ್ಬರು ಹಪ್ಪಳದ ಮನೆಯ ಏಣಿಯತ್ತ ಓಡಿದ್ದರು. ಬೀಗದ ಕೈಯಿಂದ ತಮ್ಮ ಹೆಸರನ್ನು ಗೀರತೊಡಗಿದರು. ಇಪ್ಪತ್ತು ಮೊಳದ ಮೇಲೆ ಕಟ್ಟಡ ಒಮ್ಮೆ ನಡುಗಿ, ಧಡ್ ಎಂದು ಒಂದೂವರೆ ಮೊಳ ಕುಸಿಯಿತು. ಒಳಗೆ ಡಬ್ಬಗಳು ಉರುಳಿದ ಸದ್ದು, ರುಬ್ಬುವ ಕಲ್ಲು ಗೋಡೆಗೆ ಬಡಿದ ಸದ್ದು. ಜನರಲ್ಲಿ ಒಂದು ಅಲೆ ಎದ್ದಿತು. ನೂರು ಕೈಗಳು ಒಟ್ಟಿಗೆ ಜೇಬು ತಡಕಿದವು. ನನಗೆ ಹೊಂಡದ ಗಂಧದ ವಾಸನೆ ಮೂಗಿಗೆ ಬಡಿದಂತಾಯಿತು.

"ನಿಲ್ಲಿಸ್ರೋ!"

ಚಿಕ್ಕಪ್ಪನ ದನಿ. ಮೂವತ್ತೈದು ವರ್ಷ ನಲವತ್ತು ಮಕ್ಕಳ ತರಗತಿಗಳನ್ನು ಸುಮ್ಮನಾಗಿಸಿದ ದನಿ ಅದು. ನೆರೆದವರಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯರೇ. ಬೀಗದ ಕೈ ಹಿಡಿದವನ ಕೈ ಅಲ್ಲೇ ನಿಂತಿತು.

"ಯಾವ ಅಕ್ಷರದ ಮೇಲೆ ಕೈಯಿಟ್ಟಿದೀಯ ಗೊತ್ತೇನೋ? ಆ 'ಳ' ಕೆತ್ತೋಕೆ ನನಗೆ ಒಂದು ಗಂಟೆ ಹಿಡಿದಿದೆ. ಕೆತ್ತಿದವನೇ ಹೆರೆಯಬೇಕು ಅನ್ನೋ ಕಟ್ಟುಪಾಡು ಮರೆತುಹೋಯ್ತಾ? ಯಾರಿಗೆ ಹೆಸರು ತೆಗೆಸಬೇಕೋ ಸಾಲಾಗಿ ನಿಂತ್ಕೊಳ್ಳಿ. ನಾನೇ ತೆಗೆದುಕೊಡ್ತೀನಿ. ಉಳಿ ಸಾಣೆ ಹಿಡಿಸಿ ತಂದಿದೀನಿ."

ಅವರು ಯಾವ ಕೆಲಸಕ್ಕೆ ಉಳಿ ತಂದಿದ್ದರೆಂದು ನನಗೊಬ್ಬಳಿಗೇ ಗೊತ್ತಿತ್ತು. ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ.

ಜನ ಸಾಲು ನಿಂತರು. ಚಿಕ್ಕಪ್ಪ ಮೊದಲನೆಯ ಹೆಸರನ್ನು ಹೆರೆಯಲು ಕೂತರು. ಕೆತ್ತುವಾಗ ಹೇಗೋ ಹೆರೆಯುವಾಗಲೂ ಹಾಗೆಯೇ. ಒಂದೊಂದು ಅಕ್ಷರವನ್ನೂ ಬುಡದಿಂದ ಬಿಡಿಸಿ, ಮರಳುಕಾಗದದಿಂದ ಉಜ್ಜಿ, ಊದಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, "ಇನ್ನೂ ಗುರುತಿದೆ" ಎಂದು ಮತ್ತೆ ಉಜ್ಜುತ್ತಿದ್ದರು. ಒಂದು ಹೆಸರಿಗೆ ಹತ್ತು ನಿಮಿಷ. ಪ್ರತಿ ಹೆಸರಿಗೂ ಕಟ್ಟಡ ಕೂರುವ ಆನೆಯಂತೆ ನಿಧಾನವಾಗಿ ಅರ್ಧ ಮೊಳ ಇಳಿಯುತ್ತಿತ್ತು. ವೇಗವಾಗಿ ಬೀಳುವ ವಸ್ತುವನ್ನು ನಿಧಾನಗೊಳಿಸುವುದು ಹೇಗೆಂದು ನಾನು ಕಾಲೇಜಿನಲ್ಲಿ ಪುಟಗಟ್ಟಲೆ ಸಮೀಕರಣ ಬರೆದಿದ್ದೇನೆ. ಅಲ್ಲೆಲ್ಲೂ ಮರಳುಕಾಗದದ ಮಾತು ಬಂದಿರಲಿಲ್ಲ.

ಬೇರೆ ಅಂಗಡಿಗಳ ಪಾಲುದಾರರೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು, ಯಾಕೆಂದರೆ ಎಲ್ಲರ ಹೆಸರೂ ಕೆತ್ತಿದವರು ಒಬ್ಬರೇ. ಸಾಲು ಬೀದಿಯ ಆಚೆಗೆ ಬೆಳೆಯಿತು. ಮಧ್ಯಾಹ್ನವಾಯಿತು, ಹಸಿವಾಯಿತು. ಭಾಗೀರಥಮ್ಮ ಬಯಲಿನಲ್ಲಿ ಒಲೆ ಹೊತ್ತಿಸಿ, ಹದಿನಾಲ್ಕು ಹೆಂಗಸರೂ ಸೇರಿ ಹಪ್ಪಳ ಸುಟ್ಟು ಹಂಚತೊಡಗಿದರು. ಎಂಟು ಮೊಳದ ಗಾಳಿಯಲ್ಲಿ ಒಣಗಿದ ಹಳೆಯ ಡಬ್ಬದ ಹಪ್ಪಳಗಳು. ಸಾಲಿನುದ್ದಕ್ಕೂ ಕುರುಕುರು ಸದ್ದು. ತಿನ್ನುತ್ತ ಒಬ್ಬರು, "ಹಪ್ಪಳವಂತೂ ಚೆನ್ನಾಗಿದೆ" ಎಂದರು. ಇನ್ನೊಬ್ಬರು, "ನಾನು ಐದು ಮೊಳದಲ್ಲಿ ಕೊಂಡಿದ್ದು. ಏಳಾದ್ರೂ ನನಗೇನು ನಷ್ಟ?" ಎಂದು ಸಾಲು ಬಿಟ್ಟರು. ಹದಿನೆಂಟರಲ್ಲಿ ಕೊಂಡವರಿಗೆ ನಗು ಬರಲಿಲ್ಲ. ಅವರಲ್ಲಿ ಕೆಲವರು ನನಗೆ ಬೈದರು. ನಾನು ಬೈಸಿಕೊಂಡೆ. ಅದು ನ್ಯಾಯವಾಗಿಯೇ ಇತ್ತು. ಈಗಲೂ ಅವರ ಮನೆ ಮುಂದೆ ಹೋಗುವಾಗ ಕಾಫಿಗೆ ಕರೆಯುವುದಿಲ್ಲ.

ಸಂಜೆ ಐದರ ಹೊತ್ತಿಗೆ ಸಾಲು ಕರಗಿತು. ಹಪ್ಪಳದ ಮನೆ ನಿಂತಿತು. ಸಾಬರ ಕಬ್ಬಿಣದ ಗಜಕ್ಕೂ ಅಳತೆಗಲ್ಲಿಗೂ ಹಿಡಿದು ಗಂಟು ಹಾಕಿದ ಹೊಸ ಹುರಿಯಲ್ಲಿ ಅಳೆದೆ, ಎಲ್ಲರ ಎದುರಿಗೇ. ಏಳು ಮೊಳಕ್ಕೆ ಎರಡು ಬೆರಳು ಕಡಿಮೆ. "ಆ ಎರಡು ಬೆರಳು ಇವತ್ತು ಪುಕ್ಕಟೆ ಹಂಚಿದ್ದಕ್ಕೆ," ಎಂದರು ಭಾಗೀರಥಮ್ಮ. ಬಿಸ್ಕತ್ತಿನ ಅಂಗಡಿ ಹಬ್ಬದ ಹಿಂದಿನ ಎತ್ತರಕ್ಕಿಂತ ಒಂದು ಮೊಳ ಕೆಳಗೆ ಹೋಯಿತು; ಛತ್ರಿ ರಿಪೇರಿಯದು ಎಲ್ಲಿತ್ತೋ ಅಲ್ಲಿಗೇ ಬಂತು. ಬಳಪದ ಕಾರ್ಖಾನೆ ಮಾತ್ರ ತಾನಾಗಿ ಗುಂಡಿಯಿಂದ ಮೇಲೆದ್ದಿತು. ಅದರ ಮಾಲೀಕರು ತಿಂಗಳಿನಿಂದ ಬಿಸಿಲು ಕಾಣದ ಮೇಜಿನ ಮೇಲೆ ಸಂಜೆ ಬಿಸಿಲು ಬಿದ್ದುದನ್ನು ಕೈಯಿಂದ ಸವರಿ ನೋಡುತ್ತಿದ್ದರಂತೆ.

ಚಿಕ್ಕಪ್ಪ ಬೆರಳು ನೀವಿಕೊಳ್ಳುತ್ತ ಬಂದರು. ಮೂರನೆಯ ಮೆಟ್ಟಿಲ ಮೇಲೆ ಅವರ ಹೆಸರು ಹಾಗೆಯೇ ಇತ್ತು. "ವಿಶಾಲು, ಆ ಮನೆ ವಿಷಯ..." ಎಂದು ಶುರುಮಾಡಿದರು.

"ಯಾವ ಮನೆ ಚಿಕ್ಕಪ್ಪ?" ಎಂದೆ.

"ಅದೇ," ಎಂದು ಖುಷಿಯಾಗಿ ನನ್ನ ಕೈಯಿಂದ ಮೋಟು ಹುರಿಯನ್ನು ಕಿತ್ತುಕೊಂಡರು. "ಇದು ನನಗಿರಲಿ. ಇದರಲ್ಲಿ ಅಳೆದ್ರೆ ನಾನು ನಾಲ್ಕು ಬೆರಳು ಎತ್ತರ ಆಗ್ತೀನಿ. ನಿನ್ನ ಚಿಕ್ಕಮ್ಮನಿಗೆ ತೋರಿಸಬೇಕು."

ಕಟ್ಟೆಯ ಪುಸ್ತಕದಲ್ಲಿ ಕ್ರಮ ತಿದ್ದಿದೆ: ಮೊದಲು ತೊಳೆಯುವುದು, ಒಣಗಿಸುವುದು, ಆಮೇಲೆ ಸರಿ ನೋಡುವುದು. ಕೆಳಗೆ ನನ್ನ ಹೆಸರು ಬರೆದು, ಕಾರಣವನ್ನೂ ಬರೆದೆ.

ಅದಾಗಿ ನಾಲ್ಕು ದಿನ ಊರ ಬಾಯಲ್ಲೆಲ್ಲ ಸಾಬರ ಗಜದ್ದೇ ಮಾತು, ತಪ್ಪು ಹಿಡಿದದ್ದು ಅದೇ ಎಂದು. ಐದನೆಯ ದಿನ ಬೆಳಿಗ್ಗೆ ಎಂದಿನಂತೆ ಮಸ್ತಾನ್ ಸಾಬರ ಅಂಗಡಿಯ ಮುಂದೆ ಹೋಗಿ, ಸೊನ್ನೆ ಬರೆಯಲು ಪೆನ್ನು ತೆಗೆದೆ. ರೂಢಿಗೆಂದು ತೂಗುಗುಂಡು ಬಿಟ್ಟೆ. ಅದು ನೆಲ ಮುಟ್ಟುವ ಮೊದಲು ಸ್ವಲ್ಪ ತೂಗಾಡಿತು. ಬಗ್ಗಿ ನೋಡಿದೆ. ಹೊಸ್ತಿಲಿಗೂ ನೆಲಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ಹುರಿಯನ್ನು ಮತ್ತೆ ಅಳತೆಗಲ್ಲಿಗೆ ಹಿಡಿದು ಬಂದೆ. ಎರಡನೆಯ ಸಲ, ಮೂರನೆಯ ಸಲ ಅಳೆದೆ. ಒಂದು ಬೆರಳು.

"ಏನಮ್ಮ, ಅಲ್ಲಿ ಏನು ಬಿದ್ದೋಯ್ತು?" ಎಂದು ಸಾಬರು ಒಳಗಿನಿಂದ ಕೇಳಿದರು.

"ಬಿದ್ದಿಲ್ಲ ಸಾಬರೇ. ನಿಮ್ಮಂಗಡಿ ಏರಿದೆ."

ಅವರು ಹೊರಗೆ ಬಂದು, ಬಗ್ಗಿ, ತಮ್ಮ ಬೆರಳನ್ನೇ ಆ ಸಂದಿನಲ್ಲಿ ತೂರಿಸಿ ನೋಡಿದರು. ಗಡ್ಡ ಕೆರೆದುಕೊಂಡರು. "ಮೂವತ್ತು ವರ್ಷ ನೆಮ್ಮದಿಯಾಗಿದ್ದೆ," ಎಂದರು. ಮುಖದ ತುಂಬ ನಗುವಿತ್ತು.

ಹತ್ತು ಗಂಟೆಗೆ ಕೂಗಿ ಹೇಳಿದೆ. ಐದೇ ನಿಮಿಷದಲ್ಲಿ ಚಿಕ್ಕಪ್ಪ ಉಳಿ ಹಿಡಿದು ಸಾಬರ ಅಂಗಡಿಯ ಮುಂದೆ ಹಾಜರು. "ಒಂದು ಮೆಟ್ಟಿಲು ಕೊಡಿ ಸಾಬರೇ."

"ಒಂದು ಬೆರಳ ಎತ್ತರಕ್ಕೆ ಮೆಟ್ಟಿಲು ಯಾಕೆ ಮೇಷ್ಟ್ರೇ? ಕಾಲೆತ್ತಿ ಇಟ್ರೆ ಒಳಗೆ ಬರ್ತೀರಿ."

"ಹತ್ತೋಕಲ್ಲ," ಎಂದರು ಚಿಕ್ಕಪ್ಪ, ಕನ್ನಡಕ ಒರೆಸಿಕೊಳ್ಳುತ್ತ. "ಹೆಸರು ಕೆತ್ತೋಕೆ."

ಸಾಬರು ಒಳಗೆ ಹೋಗಿ ತೆಳ್ಳನೆಯ ಒಂದು ಹಲಗೆ ತಂದು ಹೊಸ್ತಿಲ ಮುಂದೆ ಹಾಕಿದರು. ತಮ್ಮ ಗಜ ಹಿಡಿದು ಅಳೆದರು, ಒಂದು ಬೆರಳು ದಪ್ಪ. ಅದು ಚಾಚಿಕೊಳ್ಳಲೂ ಇಲ್ಲ, ಕಡಿಮೆಯೂ ಬೀಳಲಿಲ್ಲ. ಸರಿಯಾಗಿ ಕೂತಿತು.